ಸ್ಟಾಪ್‌ಲೈನ್ ಮೀಮಾಂಸೆ

ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ರಸ್ತೆಗೆ ಅಡ್ಡಲಾಗಿ ಬಳಿದ ಬಿಳಿ ಪಟ್ಟಿಯೊಂದು ಕೆಲವೆಡೆ ಪೂರ್ತಿಯಾಗಿ, ಕೆಲವೆಡೆ ತುಂಡುತುಂಡಾಗಿ, ಹಲವೆಡೆ ಬರೀ ನೆನಪಾಗಿ ಉಳಿದುಕೊಂಡಿದೆ. ಇದಕ್ಕೆ ಸ್ಟಾಪ್‌ಲೈನ್ ಎಂದು ಹೆಸರು. ಇದರ ಹಿಂದೆ ನಿಲ್ಲಬೇಕೆಂಬುದು ಶಾಸ್ತ್ರ, ಮುಂದೆ ನಿಲ್ಲುವುದು ಸಂಪ್ರದಾಯ. ಶಾಸ್ತ್ರಕ್ಕೂ ಸಂಪ್ರದಾಯಕ್ಕೂ ಜಗಳ ಬಿದ್ದಾಗ ಯಾವುದು ಗೆಲ್ಲಬೇಕೆಂದು ನಮ್ಮ ಹಿರಿಯರು ಸಾಕಷ್ಟು ತಲೆ ಕೆಡಿಸಿಕೊಂಡಿದ್ದಾರೆ. ಈಚೆಗೆ ಈ ವ್ಯಾಜ್ಯಕ್ಕೆ ಮೂರನೆಯ ಕಕ್ಷಿಯೊಂದು ಬಂದು ಸೇರಿದೆ. ಅದು ಕಂಬದ ಮೇಲೆ ಕೂತಿರುತ್ತದೆ, ರೆಪ್ಪೆ ಬಡಿಯುವುದಿಲ್ಲ, ಊಟಕ್ಕೆ ಹೋಗುವುದಿಲ್ಲ.

ಲಕ್ಷ್ಮಣರೇಖೆಯ ಪ್ರಸ್ತಾಪವನ್ನು ಈ ಪ್ರಬಂಧದಲ್ಲಿ ಬೇಕೆಂದೇ ಕೈಬಿಡಲಾಗಿದೆ. ವಾಲ್ಮೀಕಿ ರಾಮಾಯಣದಲ್ಲಿ ಆ ರೇಖೆಯೇ ಇಲ್ಲವೆಂದು ಪಂಡಿತರು ಹೇಳುತ್ತಾರೆ. ಇದ್ದಿದ್ದರೂ ಆ ಪ್ರಕರಣ 500 ರೂಪಾಯಿ ದಂಡಕ್ಕೆ ಮುಗಿಯುವಂಥದ್ದಲ್ಲ.

ಮೊದಲು ಗುರುಪರಂಪರೆ. ಸಂಚಾರ ದೀಪ 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ಮೊದಲ ಬಾರಿ ಬೆಳಗಿತು. ಅದು ಗ್ಯಾಸ್ ದೀಪ. ಕೆಲವೇ ವಾರಗಳಲ್ಲಿ ಗ್ಯಾಸ್ ಸೋರಿ ಸಿಡಿದು, ಅದನ್ನು ನಡೆಸುತ್ತಿದ್ದ ಪೊಲೀಸಿಗೇ ಪೆಟ್ಟಾಯಿತು. ಸಿಗ್ನಲ್ ಮೊದಲು ಶಿಕ್ಷಿಸಿದ್ದು ಕಾನೂನು ಪಾಲಕನನ್ನೇ ಎಂಬುದನ್ನು ಜಿಜ್ಞಾಸುಗಳು ಗಮನಿಸಬೇಕು. ಕ್ಯಾಮೆರಾದ ಮೂಲಪುರುಷ ಇನ್ನೂ ವಿಚಿತ್ರ. ಹಾಲೆಂಡಿನ ಮಾರಿಸ್ ಗಾಟ್ಸೊನಿಡಿಸ್ ಕಾರ್ ರ‍್ಯಾಲಿಯ ಚಾಲಕ, 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವನು. ತಿರುವಿನಲ್ಲಿ ತಾನು ಇನ್ನೂ ಎಷ್ಟು ಜೋರಾಗಿ ಹೋಗಬಹುದೆಂದು ಅಳೆದುಕೊಳ್ಳಲು ಮಾಡಿಕೊಂಡ ಯಂತ್ರ ಬೆಳೆದೂ ಬೆಳೆದೂ ಲೋಕವನ್ನೆಲ್ಲ ನಿಧಾನ ಮಾಡಿಸುವ ಕ್ಯಾಮೆರಾ ಆಯಿತು. ಕಳ್ಳನ ಕೈಗೆ ಬೀಗದ ಕೈ ಕೊಟ್ಟರೆಂದು ಯಾರೂ ಆಡಿಕೊಳ್ಳಬಾರದು, ಬೀಗ ಮಾಡಿದವನೇ ಆತ.

ಬೆಂಗಳೂರಿಗೆ ಈ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಇಳಿದದ್ದು 2022ರ ಡಿಸೆಂಬರಿನಲ್ಲಿ. 50 ಜಂಕ್ಷನ್ನುಗಳು, ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳು, ಕೆಂಪು ದೀಪ ದಾಟಿದವರನ್ನು ಹಿಡಿಯುವ 80 ಕ್ಯಾಮೆರಾಗಳು. ಅದೇ ವರ್ಷ ವಿಶ್ವ ಹೃದಯ ದಿನದ ಸುಮಾರಿಗೆ ನಗರದ ಕೆಲವು ಸಿಗ್ನಲ್ಲುಗಳಲ್ಲಿ ಕೆಂಪು ದೀಪವನ್ನು ಹೃದಯದ ಆಕಾರದಲ್ಲಿ ಬೆಳಗಿಸಿದ್ದರು. ಹೃದಯ ಮೊದಲು, ಚಲನ್ ಆಮೇಲೆ. ಮದುವೆಗಳಲ್ಲೂ ಕ್ರಮ ಇದೇ.

ಈಗ ಮುಖ್ಯ ಸಿದ್ಧಾಂತ. ಅದ್ವೈತಿಗಳು ಸತ್ತೆಯಲ್ಲಿ ಮೂರು ಮಟ್ಟ ಹೇಳುತ್ತಾರಷ್ಟೆ. ಸ್ಟಾಪ್‌ಲೈನಿಗೂ ಮೂರೇ. ಡಾಂಬರಿನ ಮೇಲೆ ಬಳಿದ ಗೆರೆ ವ್ಯಾವಹಾರಿಕ: ಮಳೆಗೆ ಮಾಸುತ್ತದೆ, ಟಯರಿಗೆ ಸವೆಯುತ್ತದೆ, ಕೇಬಲ್ಲಿಗೋ ಕೊಳಾಯಿಗೋ ರಸ್ತೆ ಅಗೆದವರು ಮುಚ್ಚುವಾಗ ಗೆರೆಯನ್ನೂ ಮುಚ್ಚಿಬಿಡುತ್ತಾರೆ. ಕ್ಯಾಮೆರಾದ ಹಿಂದಿನ ಕಂಪ್ಯೂಟರಿನಲ್ಲಿ ಎಳೆದ ಗೆರೆ ಪಾರಮಾರ್ಥಿಕ. ಅದಕ್ಕೆ ಮಳೆಯಿಲ್ಲ, ಗುಂಡಿಯಿಲ್ಲ. ಕೆಂಪು ಬಿದ್ದೊಡನೆ ಎಚ್ಚರವಾಗಿ, ಗೆರೆಗೆ ಮುಂಚಿನ ಒಂದು ಚಿತ್ರ, ಗೆರೆ ದಾಟಿದ ಮೇಲಿನ ಒಂದು ಚಿತ್ರ ತೆಗೆದು, ನಂಬರ್ ಓದಿ ಮುಗಿಸುತ್ತದೆ. ಮೂರನೆಯದು ಪ್ರಾತಿಭಾಸಿಕ, ಅಂದರೆ ಸವಾರನಿಗೆ ನಿಜವಾಗಿ ಕಾಣುವ ಗೆರೆ. ಅದು ಇರುವುದು ನೆಲದ ಮೇಲಲ್ಲ, ಎಲ್ಲರಿಗಿಂತ ಮುಂದೆ ನಿಂತ ಬೈಕಿನ ಮುಂಚಕ್ರದ ಕೆಳಗೆ. ಆ ಬೈಕು ಒಂದು ಗೇಣು ಸರಿದರೆ ಇಡೀ ಸಾಲು ಒಂದು ಗೇಣು ಸರಿಯುತ್ತದೆ. ಟೈಮರಿನಲ್ಲಿ 9, 8, 7 ಎಂದು ಇಳಿಯುವಾಗ ಈ ಗೆರೆ ತಾನೇ ತೆವಳಿಕೊಂಡು ಹೋಗುವುದನ್ನು ಕಣ್ಣಾರೆ ನೋಡಬಹುದು. ಬೆಂಗಳೂರಿನ ಚಲನ್ನುಗಳೆಲ್ಲ ಹುಟ್ಟುವುದು ಮೂರನೆಯ ಗೆರೆಯನ್ನು ನಂಬಿದವನಿಗೆ ಎರಡನೆಯ ಗೆರೆಯ ಲೆಕ್ಕದಲ್ಲಿ ದಂಡ ಬೀಳುವುದರಿಂದ. ಮೊದಲನೆಯ ಗೆರೆಯನ್ನು ಈ ವ್ಯವಹಾರದಲ್ಲಿ ಯಾರೂ ಮಾತಾಡಿಸುವುದಿಲ್ಲ.

ಹಗ್ಗದಲ್ಲಿ ಹಾವು ಕಂಡ ಹಳೆಯ ದೃಷ್ಟಾಂತಕ್ಕೂ ನಗರ ಪ್ರಯೋಗಶಾಲೆ ಒದಗಿಸಿತ್ತು. 2019ರಲ್ಲಿ ಸಂಚಾರ ಪೊಲೀಸರು ಬಟ್ಟೆ ಅಂಗಡಿಯ ಬೊಂಬೆಗಳಿಗೆ ಸಮವಸ್ತ್ರ, ಟೋಪಿ, ಕಪ್ಪು ಕನ್ನಡಕ ಹಾಕಿ ಜಂಕ್ಷನ್ನುಗಳಲ್ಲಿ ನಿಲ್ಲಿಸಿದರು. ದೂರದಿಂದ ಕಂಡವರು ಗಕ್ಕನೆ ಬ್ರೇಕ್ ಒತ್ತಿದರು, ಗೆರೆ ಗೌರವ ಪಡೆಯಿತು. ಬೊಂಬೆ ಎಂಬ ಜ್ಞಾನ ಉದಯಿಸಿದ ಮೇಲೆ ಭಯ ನಿವೃತ್ತಿಯಾಗಿ, ಪಕ್ಕದಲ್ಲಿ ನಿಂತು ಸೆಲ್ಫಿ ಶುರುವಾಯಿತು.

ದ್ವೈತಿಗಳಿಗೆ ಇದೆಲ್ಲ ಒಪ್ಪಿಗೆಯಾಗುವುದಿಲ್ಲ. ಭೇದ ಸತ್ಯ, ತಾರತಮ್ಯ ಸತ್ಯ ಎನ್ನುವ ಅವರ ವಾದಕ್ಕೆ ಕೆ.ಆರ್. ಸರ್ಕಲ್ಲಿನಲ್ಲಿ ಐದು ನಿಮಿಷ ನಿಂತರೆ ಪುರಾವೆ ಸಿಗುತ್ತದೆ. ಎಲ್ಲರಿಗಿಂತ ಮೇಲೆ ಬಿಎಂಟಿಸಿ ಬಸ್ಸು, ಅದರ ಕೆಳಗೆ ನೀರಿನ ಟ್ಯಾಂಕರ್, ಆಮೇಲೆ ಕಾರು, ಆಟೊ, ಬೈಕು. ಬೈಕಿನಲ್ಲೂ ಊಟದ ಡೆಲಿವರಿ ಹುಡುಗನದು ಬೇರೆಯೇ ಕಕ್ಷ್ಯೆ. ಅವನಿಗೆ ಕೆಂಪು ದೀಪಕ್ಕಿಂತ ಮೊಬೈಲಿನಲ್ಲಿ ಓಡುವ ನಿಮಿಷಗಳೇ ಪ್ರಮಾಣ. ಪಾದಚಾರಿ ಈ ತಾರತಮ್ಯದ ಪಟ್ಟಿಯಲ್ಲೇ ಬರುವುದಿಲ್ಲ.

ಇನ್ನು ಪ್ರಮಾಣ ವಿಚಾರ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ 167ಎ ಎಂಬ ನಿಯಮ ಸೇರಿತು. ಯಂತ್ರಕ್ಕೆ ಪ್ರಮಾಣಪತ್ರ ಇರಬೇಕು; ಕ್ಯಾಮೆರಾ ಇದೆಯೆಂದು ಮುಂಚಿತವಾಗಿ ಫಲಕ ಹಾಕಬೇಕು; ನೋಟಿಸಿನಲ್ಲಿ ತಪ್ಪು ಮತ್ತು ನಂಬರ್ ಪ್ಲೇಟ್ ಎರಡೂ ಕಾಣುವ ಚಿತ್ರ, ದಿನ, ಹೊತ್ತು, ಜಾಗ ಇರಬೇಕು; 15 ದಿನದೊಳಗೆ ಅದನ್ನು ಕಳಿಸಬೇಕು. ಕಾಯಿದೆಯ 177ನೇ ಕಲಮಿನ ಪ್ರಕಾರ ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1500ರವರೆಗೆ ದಂಡ. 2019ರ ತಿದ್ದುಪಡಿಯಂತೂ ಕೆಂಪು ದೀಪ ಹಾರುವುದನ್ನು ಅಪಾಯಕಾರಿ ಚಾಲನೆಯ ವಿವರಣೆಗೇ ಸೇರಿಸಿದೆ. ಹೀಗೆ ಪ್ರತ್ಯಕ್ಷ ಪ್ರಮಾಣ ಗಟ್ಟಿ. ಆದರೆ ಚಿತ್ರಕ್ಕೆ ಕಿವಿಯಿಲ್ಲ. ಹಿಂದಿನ ಕಾರಿನವನು ಒಂದೇ ಸಮ ಹಾರ್ನ್ ಒತ್ತುತ್ತ ‘ರೀ, ಸ್ವಲ್ಪ ಮುಂದೆ ಹೋಗ್ರೀ, ಫ್ರೀ ಲೆಫ್ಟ್ ಬಿಡ್ರೀ’ ಎಂದು ಗದರಿದ್ದು ಅದರಲ್ಲಿ ದಾಖಲಾಗುವುದಿಲ್ಲ. ಗೆರೆ ದಾಟಿದ್ದು ಮುಂದಿನವನ ಚಕ್ರ, ದಾಟಿಸಿದ್ದು ಹಿಂದಿನವನ ಹೆಬ್ಬೆರಳು. ನೋಟಿಸು ಚಕ್ರದ ವಿಳಾಸಕ್ಕೆ. ಈ ಪೂರ್ವಪಕ್ಷಕ್ಕೆ ತಕ್ಕ ಉತ್ತರ ಕೊಟ್ಟ ಭಾಷ್ಯಕಾರರು ಇದುವರೆಗೆ ಹುಟ್ಟಿಲ್ಲ. ಚಿತ್ರದಿಂದ ತಪ್ಪಿಸಿಕೊಳ್ಳಲು ಬೈಕಿನ ಹಿಂಬದಿ ಸವಾರರು ಕೈ ಹಿಂದಕ್ಕೆ ಚಾಚಿ ನಂಬರ್ ಪ್ಲೇಟ್ ಮುಚ್ಚುವ ಒಂದು ಯೋಗಾಸನವೂ ಬಳಕೆಯಲ್ಲಿದೆ. ಬೆನ್ನಿಗೆ ಒಳ್ಳೆಯದಂತೆ.

ಶ್ರೀವೈಷ್ಣವರ ದಾರಿ ಶರಣಾಗತಿ. ಅಲ್ಲೂ ಎರಡು ಬಗೆ: ಮಂಗನ ಮರಿಯಂತೆ ತಾನೇ ಬಿಗಿಯಾಗಿ ಹಿಡಿದುಕೊಳ್ಳುವುದು, ಬೆಕ್ಕಿನ ಮರಿಯಂತೆ ಸುಮ್ಮನೆ ಒಪ್ಪಿಸಿಕೊಳ್ಳುವುದು. ಪೊಲೀಸರ ಮುಂದೆ ಎರಡೂ ನಡೆಯುತ್ತಿದ್ದವು. ‘ಸಾರ್, ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು ಸಾರ್’ ಎಂಬುದು ಮೊದಲನೆಯದು, ಕೀ ತೆಗೆದುಕೊಟ್ಟು ತಲೆ ತಗ್ಗಿಸಿ ನಿಲ್ಲುವುದು ಎರಡನೆಯದು. ಕ್ಯಾಮೆರಾದಲ್ಲಿ ಕೃಪೆಗೆ ಅವಕಾಶವಿಲ್ಲ, ಶುದ್ಧ ಕರ್ಮಸಿದ್ಧಾಂತ. ಕೃಪೆ ಬರುವುದಿದ್ದರೆ ಅದಕ್ಕಿಂತ ಮೇಲಿನಿಂದ ಬರಬೇಕು, ಬಂದೂ ಬಂತು. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಸಾರಿತು. ಸಂಚಾರ ಠಾಣೆಗಳ ಮುಂದೆ ಪಾಪಿಗಳ ಸಾಲು ಬೆಳೆಯಿತು, ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿ ದಾಟಿ ಸಂಗ್ರಹವಾಯಿತು. ಆಷಾಢದ ಸೀರೆಯಂತೆ ಪಾಪಕ್ಕೂ ಡಿಸ್ಕೌಂಟ್ ಸಿಗುತ್ತದೆಂದು ತಿಳಿದ ಮೇಲೆ ಚಲನ್ ಬಂದ ದಿನವೇ ಪೂರ್ತಿ ಹಣ ಕಟ್ಟಿದ್ದ ಸಾಧುಗಳ ಗತಿಯೇನು ಎಂಬ ಬಗ್ಗೆ ಶಾಸ್ತ್ರಗಳು ಮೌನವಾಗಿವೆ.

ಇಷ್ಟು ಪಕ್ಷಗಳ ನಡುವೆ ಗೆರೆ ಎಳೆದದ್ದು ಯಾರಿಗಾಗಿ ಎಂಬುದೇ ಬಿಟ್ಟುಹೋಗಿತ್ತು. ಗೆರೆಯ ಮುಂದೆ ಜೀಬ್ರಾ ಪಟ್ಟಿಗಳಿವೆ. ಟೌನ್‌ಹಾಲ್ ಎದುರು ಸಂಜೆ ಆರಕ್ಕೆ ಅವುಗಳ ಮೇಲೆ ಬಸ್ಸಿನ ಮುಂಚಕ್ರ, ಎರಡು ಆಟೊ, ಲೆಕ್ಕವಿಲ್ಲದಷ್ಟು ಸ್ಕೂಟರು ನಿಂತಿರುತ್ತವೆ. ಮಾರ್ಕೆಟ್ ಕಡೆಯಿಂದ ಬಂದ ಹೆಂಗಸೊಬ್ಬರು ನುಗ್ಗೆಕಾಯಿ ಹೊರಚಾಚಿದ ಚೀಲವನ್ನು ಎದೆಗೆ ಎತ್ತಿಹಿಡಿದು, ಸೈಲೆನ್ಸರಿಗೆ ಸೀರೆ ತಾಗದಂತೆ ನೆರಿಗೆ ಎತ್ತಿಕೊಂಡು, ಕನ್ನಡಿ ಕನ್ನಡಿಗಳ ನಡುವೆ ಅಡ್ಡಡ್ಡ ಹೆಜ್ಜೆ ಹಾಕುತ್ತಾರೆ. ಅರ್ಧ ದಾಟುವಷ್ಟರಲ್ಲಿ ಹಸಿರು ಬೀಳುತ್ತದೆ. ಆಗ ಎಲ್ಲರೂ ಸೇರಿ ಹಾರ್ನ್ ಮಾಡುವುದು ಅವರಿಗೇ.

ಇದಕ್ಕೆ ಪರಿಹಾರ ಹುಡುಕಿದರೆ, ತೈವಾನಿನಲ್ಲಿ ದ್ವಿಚಕ್ರಗಳಿಗೆಂದೇ ಕಾರುಗಳ ಮುಂದೆ, ಜೀಬ್ರಾದ ಹಿಂದೆ ಪ್ರತ್ಯೇಕ ಚೌಕ ಬಳಿದಿರುತ್ತಾರೆ. ನಮ್ಮಲ್ಲೂ ಗೆರೆಯನ್ನು ಹತ್ತಡಿ ಹಿಂದಕ್ಕೆ ಎಳೆದರೆ ಅದನ್ನು ದಾಟಿ ನಿಂತವರು ಸರಿಯಾಗಿ ಈಗಿನ ಗೆರೆಯ ಜಾಗಕ್ಕೆ ಬರುತ್ತಾರೆ, ಶಾಸ್ತ್ರವೂ ಉಳಿಯುತ್ತದೆ, ಸಂಪ್ರದಾಯವೂ ಉಳಿಯುತ್ತದೆ ಎಂಬುದು ಈ ಪ್ರಬಂಧಕಾರನ ನಮ್ರ ಸೂಚನೆ. ಇದನ್ನು ವಿದ್ವತ್ಸಭೆಯೊಂದರ ಮುಂದಿಡಲು ಹೊರಟು, ಅದಕ್ಕೂ ಮೊದಲು ಸಿಗ್ನಲ್ಲಿನಲ್ಲಿ ನಿಂತಿದ್ದ ಆಟೊ ಚಾಲಕರೊಬ್ಬರಿಗೆ ವಿವರಿಸಲಾಯಿತು. ಅವರು ಪೂರ್ತಿ ಕೇಳಿಸಿಕೊಂಡು, ಹೊರಗೆ ಬಗ್ಗಿ ತಮ್ಮ ಮುಂಚಕ್ರದ ಬುಡ ನೋಡಿದರು.

‘ಹಿಂದಕ್ಕಾದ್ರೂ ಎಳೀಲಿ, ಮುಂದಕ್ಕಾದ್ರೂ ಎಳೀಲಿ ಸಾರ್. ಮೊದ್ಲು ಇಲ್ಲಿ ಒಂದು ಎಳೀಲಿ.’