ತಂತಿದರ್ಶನ: ಕಚೇರಿಯ ಕೇಬಲ್ಲುಗಳಲ್ಲಿ ಭೇದಾಭೇದ ವಿಚಾರ

ವಿಷಯ

ಕಚೇರಿಯ ಕೇಬಲ್ಲುಗಳ ಬಗ್ಗೆ ಲೋಕದಲ್ಲಿ ಎರಡೇ ದರ್ಶನ. ಅದ್ವೈತ ಕಚೇರಿಯಲ್ಲಿ ಮೇಜಿನ ಕೆಳಗೆ ಹೋದ ತಂತಿಗಳೆಲ್ಲ ನಾಮರೂಪ ಕಳೆದುಕೊಂಡು ಒಂದೇ ಗಂಟಾಗುತ್ತವೆ. ಇದು ಪ್ರಿಂಟರಿನದು, ಇದು ಫೋನಿನದು ಎಂಬುದೆಲ್ಲ ಬರೀ ಮಾಯೆ. ದ್ವೈತ ಕಚೇರಿಯಲ್ಲಿ ಪ್ರತಿ ತಂತಿಯೂ ಬೇರೆ. ಎರಡು ತುದಿಯಲ್ಲೂ ಅದರ ಹೆಸರಿರುತ್ತದೆ. ಭಟ್ಕಳದ ಮುಟ್ಟಳ್ಳಿಯಲ್ಲಿ ಹೊಸದಾಗಿ ಕಚೇರಿ ತೆರೆಯುವವರು ಯಾವ ಮತಕ್ಕೆ ಸೇರಬೇಕು ಎಂಬುದೇ ಇಲ್ಲಿಯ ಜಿಜ್ಞಾಸೆ.

ಪೂರ್ವಪಕ್ಷ

ಅದ್ವೈತಿಗಳ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ‘ಇರುವುದು ಆರು ಕಂಪ್ಯೂಟರ್. ಅದಕ್ಕೆ ನಕ್ಷೆ, ರ‍್ಯಾಕು, ಪ್ಯಾಚ್ ಪ್ಯಾನೆಲ್ಲು ಎಲ್ಲ ಯಾಕೆ ಮಾರಾಯ್ರೆ? ಕಿಟಕಿಯಿಂದ ಎಳೆದು ಮೊಳೆ ಹೊಡೆದರೆ ಆಯ್ತು.’ ಪ್ರಮಾಣ ಕೇಳಿದರೆ ಎರಡು ಕೊಡುತ್ತಾರೆ. ಪ್ರತ್ಯಕ್ಷ: ಇವತ್ತು ನೆಟ್ ಬರುತ್ತಿದೆ. ಶಬ್ದ: ವಾಯರ್ ಎಳೆದ ಹುಡುಗ ಹೇಳಿದ್ದಾನೆ.

ಆ ಹುಡುಗ ಈಗ ದುಬೈಯಲ್ಲಿದ್ದಾನೆ. ಮೂಲಗ್ರಂಥ ಮುಟ್ಟಳ್ಳಿಯಲ್ಲಿ, ಭಾಷ್ಯಕಾರ ಕಡಲಾಚೆ. ನೆಟ್ ಹೋದಾಗ ಅವನ ಡ್ಯೂಟಿ ಮುಗಿಯುವ ತನಕ ಕಾದು ವಾಟ್ಸಾಪ್ ಮಾಡಬೇಕು. ‘ಬಿಳಿ ಡಬ್ಬದ ಹಿಂದಿನ ನೀಲಿ ವಾಯರ್ ಒಂಚೂರು ಅಲ್ಲಾಡ್ಸಿ ಅಣ್ಣ’ ಎಂದು ಉಪದೇಶ ಬರುತ್ತದೆ. ನೀಲಿ ವಾಯರ್ ಹನ್ನೊಂದಿವೆ. ಆರು ಕಂಪ್ಯೂಟರಿಗೆ ಹನ್ನೊಂದು ಹೇಗೆಂದು ಅದ್ವೈತಿ ಕೇಳುವುದಿಲ್ಲ.

ಸಿದ್ಧಾಂತ

ಭೇದ ತಂತಿಯ ಹೊಟ್ಟೆಯಲ್ಲೇ ಇದೆ. ಎರಡು ತಂತಿಗಳನ್ನು ಹುರಿ ಮಾಡಿದರೆ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ವಜಾ ಆಗುತ್ತದೆ. ಗ್ರಹಾಂ ಬೆಲ್ 1881ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇಂದಿನ ಕೇಬಲ್ಲಿನಲ್ಲಿ ಅಂಥ ನಾಲ್ಕು ಜೋಡಿ. ಒಂದರ ಮಾತು ಇನ್ನೊಂದಕ್ಕೆ ಕೇಳಿಸದಂತೆ ಪ್ರತಿ ಜೋಡಿಯ ಹುರಿಯೂ ಬೇರೆ ಬಿಗಿಯದು. 1991ರಲ್ಲಿ ಬಂದ ಟಿಐಎ-568 ಎಂಬ ಅಮೆರಿಕದ ಸೂತ್ರಗ್ರಂಥದ ಪ್ರಕಾರ ಗೋಡೆಯೊಳಗಿನ ಕೇಬಲ್ 90 ಮೀಟರ್, ತುದಿಗಳ ಪ್ಯಾಚ್ ಕಾರ್ಡೂ ಸೇರಿ 100 ಮೀಟರ್ ದಾಟಬಾರದು. ಕರೆಂಟಿನ ವಾಯರ್ ಇರುವ ಪೈಪಿನಲ್ಲೇ ಇದನ್ನೂ ತೂರಿಸುವುದು ಸಂಕರದೋಷ.

ದೇಶಕಾಲದ ವಿಚಾರವೂ ಉಂಟು. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಕಿಟಕಿಯ ವಾಯರಿನ ಗುಂಟ ನೆಟ್ಟಿಗಿಂತ ಮೊದಲು ನೀರು ಒಳಗೆ ಬರುತ್ತದೆ. ಎರಡು ಕಟ್ಟಡಗಳ ನಡುವೆ ತಾಮ್ರ ಎಳೆದರೆ ಸಿಡಿಲಿಗೂ ಕನೆಕ್ಷನ್ ಕೊಟ್ಟಂತೆ. ಅಲ್ಲಿ ಫೈಬರೇ ಸರಿ. ಅದರ ಗಾಜಿನೆಳೆ ವಿದ್ಯುತ್ತನ್ನು ಒಯ್ಯುವುದಿಲ್ಲ.

ತಾರತಮ್ಯ

ಕೇಬಲ್ಲುಗಳೆಲ್ಲ ಸಮಾನವಲ್ಲ. ಕ್ಯಾಟ್ 5ಇ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ. ಕ್ಯಾಟ್ 6 ಸುಮಾರು 55 ಮೀಟರಿನವರೆಗೆ 10 ಗಿಗಾಬಿಟ್, ಕ್ಯಾಟ್ 6ಎ ಅಷ್ಟನ್ನೇ ಪೂರ್ತಿ 100 ಮೀಟರ್ ಒಯ್ಯುತ್ತದೆ. ಆರು ಕಂಪ್ಯೂಟರಿನ ಕಚೇರಿಗೆ ಕ್ಯಾಟ್ 6 ಧಾರಾಳವಾಯಿತು; ದ್ವೈತಿಗಳ ಮುಕ್ತಿಯಲ್ಲೂ ತಾರತಮ್ಯ ಇರುವಾಗ ವಾಯರಿನಲ್ಲಿ ಏಕೆ ನಾಚಿಕೆ?

ಪ್ರಯೋಜನ

ಗೋಡೆ ಗಾರೆ ಕಾಣುವ ಮೊದಲೇ ಪೈಪ್ ಹೂಳಿಸಿ, ಪ್ರತಿ ಕುರ್ಚಿಗೆ ಎರಡು ಪಾಯಿಂಟ್ ಕೊಟ್ಟು, ಎಲ್ಲವನ್ನೂ ಒಂದೇ ರ‍್ಯಾಕಿಗೆ ತಂದರೆ ಕುರ್ಚಿ ಬದಲಾದಾಗ ಗೋಡೆ ಒಡೆಯಬೇಕಾಗಿಲ್ಲ, ಪ್ಯಾನೆಲ್ಲಿನಲ್ಲಿ ಒಂದು ತುಂಡು ವಾಯರ್ ಬದಲಿಸಿದರೆ ಸಾಕು. ಯಾವುದು ಕೆಟ್ಟಿತೆಂದು ತುದಿಯ ಚೀಟಿ ಓದಿ ಯಾರು ಬೇಕಾದರೂ ಹೇಳಬಹುದು. ವಿದ್ಯೆ ಒಬ್ಬನ ತಲೆಯಿಂದಿಳಿದು ಚೀಟಿಗೆ ಬಂದಿರುತ್ತದೆ.

ಚೀಟಿ ಬರೆಯುವವರಿಗೆ ಒಂದು ವಿಧಿ, ಒಂದು ನಿಷೇಧ. ಕೋಣೆಯ ಸಂಖ್ಯೆ, ಪಾಯಿಂಟಿನ ಸಂಖ್ಯೆ ಬರೆಯತಕ್ಕದ್ದು. ‘ಮೇಡಂ ಟೇಬಲ್’ ಎಂದು ಬರೆಯಕೂಡದು. ಮೇಡಂಗೆ ವರ್ಗವಾದ ದಿನ ಆ ತಂತಿ ಅನಾಥ. ‘ಹೊಸ ವಾಯರ್’ ಎಂಬುದೂ ನಿಷಿದ್ಧ. ಮುಂದಿನ ವರ್ಷ ಅದಕ್ಕಿಂತ ಹೊಸದು ಬಂದೇ ಬರುತ್ತದೆ. ನಕ್ಷೆಯ ಒಂದು ಪ್ರತಿಯನ್ನು ರ‍್ಯಾಕಿನ ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ಬೀರುವಿನಲ್ಲಿಡಬೇಕು. ಬೀರುವಿನ ಕೀಲಿ ಯಾರ ಹತ್ತಿರ ಎಂಬುದು ಮುಂದಿನ ಅಧಿಕರಣದ ವಿಷಯ.