ಕಾಂಟ್ರಾ ಆಟದ ಲೈಫ್ ಹಂಚಿಕೆಯಲ್ಲಿ ಮಿತಾಕ್ಷರದ ಪ್ರಭಾವ

ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ‘ಮಾನಸೋಲ್ಲಾಸ’ ಬರೆದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಕುಸ್ತಿ, ಕೋಳಿ ಜಗಳ, ಟಗರಿನ ಕಾಳಗ, ಮೀನು ಹಿಡಿಯುವ ಬಗೆ ಎಲ್ಲವೂ ಇವೆ. ಟೀವಿ ಗೇಮಿನ ಬಗ್ಗೆ ಒಂದಕ್ಷರ ಇಲ್ಲ. ಆಗ ಬಸವಕಲ್ಯಾಣದಲ್ಲಿ ಕರೆಂಟ್ ಇರಲಿಲ್ಲವಲ್ಲ ಎನ್ನುವವರಿದ್ದಾರೆ. ವಾದ ದುರ್ಬಲ. ತೊಂಬತ್ತರ ದಶಕದಲ್ಲೂ ಇರುತ್ತಿರಲಿಲ್ಲ, ನಾವು ಆಡಲಿಲ್ಲವೇ? ಸೋಮೇಶ್ವರ ಬಿಟ್ಟ ಆ ಜಾಗವನ್ನು ತುಂಬುವುದೇ ಪ್ರಸ್ತುತ ಸಂಶೋಧನೆಯ ಉದ್ದೇಶ.

ಮೊದಲು ಆಕರಗಳು. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಬಿಡುಗಡೆ ಮಾಡಿತು. ನಮ್ಮ ಭಾಗಕ್ಕೆ ಬಂದವು ಅದರ ನಕಲುಗಳು: ಮೀಡಿಯಾ, ಸಮುರಾಯ್, ಲಿಟಲ್ ಮಾಸ್ಟರ್. ಜೊತೆಗೆ ಬರುತ್ತಿದ್ದ ಕ್ಯಾಸೆಟ್ಟಿನ ಮೇಲೆ ‘99,99,999 ಆಟಗಳು’ ಎಂದು ಬರೆದಿರುತ್ತಿತ್ತು. ಹಾಕಿದರೆ ಮಾರಿಯೋ, ಬಾತುಕೋಳಿ ಬೇಟೆ, ಟ್ಯಾಂಕ್, ಸರ್ಕಸ್. ಆಮೇಲೆ ಅದೇ ಮಾರಿಯೋ ಬೇರೆ ಸ್ಟೇಜಿನಿಂದ. ಅಲಂಕಾರಶಾಸ್ತ್ರ ಇದನ್ನು ಪುನರುಕ್ತಿ ದೋಷ ಎನ್ನುತ್ತದೆ. ನಾವು ಎಣಿಸುತ್ತ ಹೋದೆವು, ಒಂದು ಕೋಟಿಗೆ ಒಂದೇ ಕಡಿಮೆ ಎಂಬ ನಂಬಿಕೆಯಲ್ಲಿ.

ಎರಡನೆಯದು ಸಿನಿಮಾ ಸಂಬಂಧ. ಇದರಲ್ಲಿ ಎರಡು ಸಂಪ್ರದಾಯಗಳಿವೆ. ಒಂದು, ಹಣ ಕೊಟ್ಟು ಹಕ್ಕು ಪಡೆದವರದು. ಅಟಾರಿ ಕಂಪನಿ ಸ್ಪೀಲ್‌ಬರ್ಗನ ‘ಇ.ಟಿ.’ ಚಿತ್ರದ ಹಕ್ಕು ಪಡೆದು, 1982ರ ಕ್ರಿಸ್‌ಮಸ್ಸಿಗೆ ಮುಟ್ಟಿಸಲು ಹೊವರ್ಡ್ ಸ್ಕಾಟ್ ವಾರ್ಶಾ ಎಂಬಾತನಿಂದ ಐದೇ ವಾರದಲ್ಲಿ ಆಟ ಮಾಡಿಸಿತು. ಆಟ ಬಿತ್ತು. ಉಳಿದ ಕ್ಯಾಸೆಟ್ಟುಗಳಲ್ಲಿ ಒಂದಷ್ಟನ್ನು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೋರ್ಡೊದಲ್ಲಿ ಹೂತರು. 2014ರಲ್ಲಿ ಅಗೆದು ತೆಗೆದರು. ಮೂವತ್ತೊಂದು ವರ್ಷಕ್ಕೇ ಉತ್ಖನನ! ನಮ್ಮ ಕಲ್ಯಾಣದ ಕೋಟೆ ಇನ್ನೂ ಸರದಿಯಲ್ಲಿದೆ.

ಇನ್ನೊಂದು, ಹಕ್ಕಿನ ಗೊಡವೆಗೆ ಹೋಗದವರದು. ಕೊನಾಮಿ ಕಂಪನಿಯ ‘ಕಾಂಟ್ರಾ’ ಯಾವ ಸಿನಿಮಾದ ಆಟವೂ ಅಲ್ಲ. ಆದರೆ ಅದರ ಚಿತ್ರ ಬರೆದ ಬ್ರಿಟಿಷ್ ಕಲಾವಿದ ಬಾಬ್ ವೇಕ್‌ಲಿನ್, ‘ಪ್ರಿಡೇಟರ್’ ಚಿತ್ರದ ಶ್ವಾಜ್ನೆಗರ್ ನಿಂತ ಭಂಗಿಯನ್ನೇ ಎತ್ತಿಟ್ಟ. ಕ್ಯಾಸೆಟ್ಟಿನ ಲೇಬಲ್ಲಿನಲ್ಲಿ ನಾವು ದಿನಾ ನೋಡುತ್ತಿದ್ದುದು ಅದನ್ನೇ. ಸಿನಿಮಾ ಕೇಬಲ್ಲಿನಲ್ಲಿ ಬಂದದ್ದು ಎಷ್ಟೋ ಕಾಲದ ಮೇಲೆ. ಬಂದಾಗ ಹುಮನಾಬಾದಿನ ವಿದ್ವದ್ವಲಯ ಒಕ್ಕೊರಲಿನಿಂದ ನಿರ್ಣಯಿಸಿತು: ಆರ್ನಾಲ್ಡ್ ನಮ್ಮ ಕ್ಯಾಸೆಟ್ ನೋಡಿ ಕಾಪಿ ಹೊಡೆದಿದ್ದಾನೆ.

ಈಗ ಪಾಠಾಂತರದ ಜಟಿಲ ಪ್ರಶ್ನೆ. ಮೂವತ್ತು ಲೈಫ್ ಕೊಡುವ ಮಂತ್ರ ಬಸವಕಲ್ಯಾಣದ ಪಾಠದಲ್ಲಿ ಹೀಗಿದೆ: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಸ್ಟಾರ್ಟ್. ಹುಮನಾಬಾದಿನ ಪಾಠದಲ್ಲಿ ಸ್ಟಾರ್ಟಿಗೆ ಮುಂಚೆ ‘ಸೆಲೆಕ್ಟ್’ ಇದೆ. ಇದು ಪ್ರಕ್ಷಿಪ್ತ, ಹೆದ್ದಾರಿಯ ಊರಾದ್ದರಿಂದ ಹೈದರಾಬಾದಿನ ಕಡೆಯಿಂದ ಸೇರಿಕೊಂಡದ್ದು ಎಂದು ನಮ್ಮ ಓಣಿಯ ಪಂಡಿತರು ತಳ್ಳಿಹಾಕಿದ್ದರು. ಮೂಲಕರ್ತೃ ಕಝುಹಿಸಾ ಹಶಿಮೊಟೊ. 1986ರಲ್ಲಿ ‘ಗ್ರೇಡಿಯಸ್’ ಆಟವನ್ನು ಪರೀಕ್ಷಿಸುವಾಗ ತನಗೇ ಮುಗಿಸಲಾಗದೆ ಈ ಕಳ್ಳದಾರಿ ಮಾಡಿಕೊಂಡಾತ. ನನ್ನ ಸಿದ್ಧಾಂತದಲ್ಲಿ ಎರಡೂ ಪಾಠ ಶುದ್ಧ. ಸೆಲೆಕ್ಟ್ ಒತ್ತಿದರೆ ಇಬ್ಬರ ಆಟ. ನಮ್ಮ ಮನೆಯ ಎರಡನೇ ರಿಮೋಟ್ ಕೆಟ್ಟಿತ್ತು. ಹುಮನಾಬಾದಿನ ನಮ್ಮ ಮಾವನವರದು ಅವಿಭಕ್ತ ಕುಟುಂಬ.

ಇಲ್ಲಿಂದಲೇ ಪ್ರಧಾನ ವಿಷಯಕ್ಕೆ ಪ್ರವೇಶ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಅದರ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನನ ‘ದಾಯಭಾಗ’ದ ಪ್ರಕಾರ ಅಪ್ಪ ಸತ್ತ ಮೇಲೆ. ಕಾಂಟ್ರಾದಲ್ಲಿ ಏನಾಗುತ್ತದೆ ನೋಡಿ. ತಮ್ಮನ ಲೈಫ್ ಮುಗಿದರೆ ಅಣ್ಣನ ಲೈಫ್ ತೆಗೆದುಕೊಂಡು ಆಡಬಹುದು, ಅಣ್ಣ ಬದುಕಿರುವಾಗಲೇ, ಅವನನ್ನು ಕೇಳದೆಯೇ. ದಾಯಭಾಗ ಪಂಥದ ತಮ್ಮ ಅಣ್ಣ ಸಾಯಲಿ ಎಂದು ಕಾದರೆ ಹಂಚಿಕೊಳ್ಳಲು ಲೈಫೇ ಉಳಿದಿರುವುದಿಲ್ಲ. ಆದ್ದರಿಂದ ಕೊನಾಮಿ ನಿಸ್ಸಂದೇಹವಾಗಿ ಕಲ್ಯಾಣ ಪಂಥದ್ದು.

ವ್ಯವಹಾರದಲ್ಲಿ ಈ ನ್ಯಾಯ ಹೀಗೆ ನಡೆಯುತ್ತಿತ್ತು. ಮಾವನ ದೊಡ್ಡ ಮಗ ಮೂರನೇ ಸ್ಟೇಜಿನ ಜಲಪಾತ ಹತ್ತುತ್ತಿದ್ದಾನೆ. ಕೆಳಗೆ ಉಳಿದ ತಮ್ಮ ಪರದೆಯ ಅಂಚಿಗೆ ಸಿಕ್ಕು ಸತ್ತ, ಮತ್ತೆ ಸತ್ತ, ತನ್ನವು ಖಾಲಿಯಾದ ಮೇಲೆ ಗಪ್ಪನೆ ಎ ಒತ್ತಿದ.

“ಏ, ನನ್ ಲೈಫ್ ಯಾಕ್ ತಗೊಂಡ್ಯೋ?”

“ನಾ ಎಲ್ಲಿ ತಗೊಂಡೀನಿ? ಗೇಮೇ ಕೊಟ್ಟದ.”

ಇದಕ್ಕಿಂತ ಸ್ವಚ್ಛವಾದ ಜನ್ಮಸ್ವತ್ವವಾದವನ್ನು ನಾನು ಯಾವ ಟೀಕೆಯಲ್ಲೂ ಓದಿಲ್ಲ. ತೀರ್ಪು ಕೊಡುತ್ತಿದ್ದುದು ಸಾಮಾನ್ಯವಾಗಿ ಕರೆಂಟ್. ಅದು ಹೋದರೆ ಸಾಲ, ಆಸ್ತಿ, ಜಲಪಾತ ಎಲ್ಲವೂ ವಜಾ.

ಒಂದು ಪೂರ್ವಪಕ್ಷ ಉಳಿದಿದೆ. ಆ ಮನೆಯಲ್ಲಿ ಒಬ್ಬ ಮಗಳೂ ಇದ್ದಳು. ರಿಮೋಟ್ ಎರಡೇ ಇದ್ದುದರಿಂದ ಅವಳ ಪಾಲಿಗೆ ನೋಡುವ ಹಕ್ಕು ಮಾತ್ರ ಬಂದಿತ್ತು. ಆಕೆ ಈಗ ನನ್ನ ಹೆಂಡತಿ. ಈ ಪ್ರಬಂಧದ ಕರಡು ತಿದ್ದಿದವರೂ ಆಕೆಯೇ. ಆಕ್ಷೇಪ ಹೀಗಿದೆ: ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಿದ್ದುಪಡಿ ತಂದದ್ದು 2005ರಲ್ಲಾದರೂ, ಮದುವೆಯಾಗದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂದಿತ್ತು. “ಆಗ ನಂಗ ಮದವಿ ಆಗಿತ್ತೇನ್ರಿ? ನಾಕನೇತ್ತ ಇದ್ದೆ. ನನ್ ರಿಮೋಟ್ ಎಲ್ಲದ?”

ಸೆಟ್ಟು ಮಾವನವರ ಸ್ವಯಾರ್ಜಿತ, ಅದರಲ್ಲಿ ಮಗಳಿಗೆ ಹುಟ್ಟಿನಿಂದ ಹಕ್ಕಿಲ್ಲ ಎಂದು ವಾದಿಸಬಹುದಿತ್ತು. ಹಾಗೆ ವಾದಿಸಿದರೆ ಗಂಡುಮಕ್ಕಳ ಹಕ್ಕೂ ಬಿದ್ದುಹೋಗಿ ನನ್ನ ಪ್ರಬಂಧವೇ ನಿಲ್ಲುವುದಿಲ್ಲ. ಹಾಗಾಗಿ ಪಿತ್ರಾರ್ಜಿತವೆಂದೇ ಹಿಡಿದು, ಆಕೆಗೆ ಸಲ್ಲಬೇಕಾದ ಲೈಫುಗಳ ಲೆಕ್ಕ ಹಾಕುತ್ತಿದ್ದೇನೆ. ಬಡ್ಡಿ ಸೇರಿಸಬೇಕೆಂದು ಆಕೆಯ ಪಟ್ಟು.