ಗಾಡಿಯ ಗೊಣಗಾಟ

ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೂ ಜನ್ಮ ತಳೆಯುತ್ತಿದ್ದ ಅಂಬಾಸಿಡರ್ ಮೋಟಾರಿನ ಹಿಂಭಾಗದ ಭಾರವನ್ನು ಹೊರುತ್ತಿದ್ದುವು ಉಕ್ಕಿನ ಕಮಾನುಪಟ್ಟಿಗಳು. ಅವುಗಳ ನಡುವಣ ಗ್ರೀಸು ಆರಿ ತುಕ್ಕೇರಿದಾಗ ಏಳುವ ಕಿರಕಿರ ನಾದದಿಂದಲೇ ಯಜಮಾನರ ಆಗಮನವನ್ನು ಬೀದಿಯ ನಾಯಿಗಳೂ ಅರಿಯುತ್ತಿದ್ದುವು. ಈಗಿನ ಕಾರುಗಳ ವ್ಯಾಧಿಗಳಾದರೋ ಸೂಕ್ಷ್ಮತರ: ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿದರೆ ರಸ್ತೆಯುಬ್ಬು ದಾಟಿದ ಮೇಲೂ ಗಾಡಿ ತಲೆದೂಗುತ್ತಲೇ ಇರುವುದು, ರಬ್ಬರಿನ ಬುಷ್ ಸವೆದರೆ ಕುಳಿಕುಳಿಗೂ 'ಕಟಕ್' ಎನ್ನುವುದು. ಮನೆಯಿಂದ ಗ್ಯಾರೇಜಿನವರೆಗೆ ಅಖಂಡವಾಗಿ ನುಡಿದ ಆ ಸದ್ದು, ಮೇಸ್ತ್ರಿ ಪಕ್ಕದಲ್ಲಿ ಕುಳಿತೊಡನೆ ಮೌನವ್ರತ ಧರಿಸುವುದು ಮಾತ್ರ ಸನಾತನ ನಿಯಮ. "ಏನೂ ಇಲ್ಲವಲ್ಲ ಸ್ವಾಮಿ!" ಎಂದು ಇಳಿದ ಆತ, ಕೆಳಗೆ ನುಸುಳಿ, ಸನ್ನೆಕೋಲಿನಿಂದ ಮೀಟಿ, ಬಿರುಕು ಬಿಟ್ಟ ರಬ್ಬರನ್ನು ತೋರಿಸುವಷ್ಟರಲ್ಲಿ, ಯಜಮಾನರು ಆ 'ಕಟಕ್' ಅನ್ನು ಸ್ವಮುಖದಿಂದಲೇ ನಾನಾ ಶ್ರುತಿಗಳಲ್ಲಿ ಹಾಡಿ ತೋರಿಸಿ, ದಣಿದು, ಚಹಾದಂಗಡಿ ಸೇರಿರುತ್ತಾರೆ.